ನೆಲಮನೆಯಲ್ಲಿ ಕೆಂಚಿಯ ತತ್ತಿ

“ಹುಡುಗಿ ಸೂಸಲಾ ತರ್ತಾಳ ಅಂದಿದ್ರಿ…”

ವರನ ಸೋದರಮಾವನ ಮಾತು ಅರ್ಧಕ್ಕೇ ನಿಂತಿತು.

ಅಂಜನಾ ಸೂಸಲಾ ತಂದಿದ್ದಳು. ಎಡಗೈಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ ಸೂಸಲಾದ ತಟ್ಟೆ. ಬಲಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈಯವರೆಗೆ ಬಳೆಯ ಹಾಗೆ ಸುತ್ತಿಕೊಂಡು, ಕಿತ್ತಳೆ ಮೈಯ ಮೇಲೆ ಕೆಂಪು ಮಚ್ಚೆಗಳ ಒಂದು ಹಾವು.

ಕಲಬುರಗಿಯ ನೆಹರು ಗಂಜ್ ಪೇಟೆಯ ಬೇಳೆ ವ್ಯಾಪಾರಿ, ಅವಳ ಅಪ್ಪ ಸೂಗಪ್ಪನವರ ಪಡಸಾಲೆಯಲ್ಲಿ ಫ್ಯಾನ್ ಒಂದೇ ಮಾತಾಡುತ್ತಿತ್ತು. ಸೋದರಮಾವ ಕಾಲೆರಡನ್ನೂ ಎತ್ತಿ ಸೋಫಾದ ಮೇಲೆ ಕುಕ್ಕರಿಸಿದ. ವರನ ತಾಯಿ ನೀಲಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೂಗಪ್ಪನವರು ಹಣೆಯ ಬೆವರು ಒರೆಸಿಕೊಳ್ಳುವಾಗ ಬೆಳಿಗ್ಗೆ ಹಚ್ಚಿದ ವಿಭೂತಿ ಅರ್ಧ ಅಳಿಸಿತು.

‘ಈಗ ಏಳ್ತಾರ… ಈಗ ಓಡ್ತಾರ,’ ಎಂದು ಅಂಜನಾ ಒಳಗೊಳಗೇ ನಗುತ್ತ ನಿಂತಳು.

ಅವಳಿಗೆ ಇದು ರೂಢಿಯಾಗಿತ್ತು. ಹಿಂದೆ ನೋಡಲು ಬಂದ ಒಬ್ಬ ಇಂಜಿನಿಯರು ಚಪ್ಪಲಿ ಬಿಟ್ಟು ಓಡಿದ್ದ. ಆ ಚಪ್ಪಲಿ ಹಾಕಿಕೊಂಡೇ ಈಗ ಅವಳು ಹಿತ್ತಲ ಗಿಡಗಳಿಗೆ ನೀರು ಹಾಕುವುದು. ಇನ್ನೊಬ್ಬ ಹೊರಗೆ ಹೋಗಿ ಫೋನಿನಲ್ಲಿ, “ಹುಡುಗಿ ಛಲೋ ಅದಾಳ, ಆದ್ರ ತಲಿ ಕೆಟ್ಟದ” ಅಂದಿದ್ದ. ಅದು ಕಿಟಕಿಯಿಂದ ಅವಳ ಕಿವಿಗೆ ಬಿದ್ದಿತ್ತು. ಗಂಜಿನ ಓಣಿಯಲ್ಲಿ ಅವಳ ಹೆಸರು ಈಗ ಅಂಜನಾ ಅಲ್ಲ, ‘ಹಾವಿನಾಕಿ.’

ಜನ ತನ್ನನ್ನು ಹೀಗಳೆಯುವ ಮೊದಲೇ ತಾನು ಅವರನ್ನು ಹೀಗಳೆದುಬಿಟ್ಟರೆ ನೋವು ಕಡಿಮೆ ಎಂದು ಯಾವಾಗಲೋ ಕಲಿತ ಹೆಣ್ಣುಮಗಳು ಅವಳು. ಕಲಿತದ್ದನ್ನು ಚೆನ್ನಾಗಿಯೇ ಕಲಿತಿದ್ದಳು.

ಆದರೆ ಈ ವರ ಏಳಲಿಲ್ಲ.

ಕಮಲಾಪುರದ ಕೆಂಬಾಳೆ ತೋಟದ ಗುರುಪ್ರಸಾದ ಕುಳಿತಲ್ಲೇ ಕುಳಿತಿದ್ದ. ಹಾವನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಎರಡೂ ಕೈ ಎದೆಯ ಹತ್ತಿರ ತಂದು ಗಟ್ಟಿಯಾಗಿ ಜೋಡಿಸಿದ. ಜೋಡಿಸಿದ ಕೈ ಹಾಗೇ ಉಳಿದವು.

ಅಂಜನಾಳ ತುಟಿ ಸೊಟ್ಟಗಾಯಿತು. ‘ಅಯ್ಯೋ… ಇಂವ ಭಕ್ತ! ಓಡಿ ಹೋದೋರೇ ಎಷ್ಟೋ ಛಲೋ.’

“ಇದು ನಾಗಪ್ಪ ಅಲ್ರಿ,” ಅಂದಳು. “ಅಮೆರಿಕಾದ ಮೆಕ್ಕಿಜ್ವಾಳದ ಹೊಲದ ಹಾವು. ವಿಷ ಇಲ್ಲ. ವರ ಕೊಡೂದಿಲ್ಲ. ಹೆಸರು ಕೆಂಚಿ.”

“ಹೌದ್ರಿ,” ಎಂದ. ಕೈ ಬಿಡಲಿಲ್ಲ.

“ಕೈ ಇಳಸ್ರಿ ಇನ್ನ. ಆರತಿ ಮುಗೀತು.”

“ಅಂಜೂ…” ಎಂದು ಸೂಗಪ್ಪ ಹಲ್ಲು ಕಚ್ಚಿದರು.

ಗುರುಪ್ರಸಾದ ನಿಧಾನವಾಗಿ ಕೇಳಿದ. “ಇಂಥಾ ಬಿಸಲಾಗ ಇದಕ್ಕ ತಂಪು ಹ್ಯಾಂಗ ಮಾಡ್ತೀರಿ?”

“ನಿಮ್ಮಂಥೋರ ಮಾರಿ ತೋರಸ್ತೀನ್ರಿ. ತಾನಾಗೇ ತಂಪಾಗ್ತದ.”

ಸೋದರಮಾವ ಸೋಫಾದ ಮೇಲಿಂದಲೇ, “ನಡೀರಿನ್ನ, ಹೊತ್ತಾತು” ಅಂದ. ಅವರು ಹೋದರು. ಗುರುಪ್ರಸಾದ ಮಾತ್ರ ಹೊಸ್ತಿಲಲ್ಲಿ ತಿರುಗಿ ನೋಡಿದ. ಅವನ ಕೈ ಇನ್ನೂ ಜೋಡಿಸಿಯೇ ಇದ್ದವು.

*

ಕೆಂಚಿಯ ಕಥೆ ಇಷ್ಟೇ. ಹೈದರಾಬಾದಿನಲ್ಲಿ ಹಾವು ಸಾಕುವ ಜಾವೀದಭಾಯಿಯಿಂದ ಅಂಜನಾ ಅವಳನ್ನು ಗೇಣುದ್ದದ ಮರಿಯಿದ್ದಾಗ ತಂದಿದ್ದಳು. ಅರಣ್ಯ ಇಲಾಖೆಯ ನೋಂದಣಿಯೂ ಇತ್ತು. ಹಗಲೆಲ್ಲ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿ ಸುಸ್ತಾಗಿ ಬಂದರೆ, ಏನೂ ಕೇಳದೆ ಕೈಗೆ ಸುತ್ತಿಕೊಳ್ಳುವ ಜೀವ ಅದೊಂದೇ. ಏಪ್ರಿಲಿನಲ್ಲಿ ಜಾವೀದನ ಗಂಡುಹಾವಿನ ಜೊತೆ ಕೆಲದಿನ ಇದ್ದು ಬಂದ ಕೆಂಚಿ, ಮೇ ತಿಂಗಳ ಕೊನೆಗೆ ತತ್ತಿ ಇಟ್ಟಳು.

ಬಿಳಿ, ಉದ್ದನೆಯ, ಚರ್ಮದಂಥ ಮೆತ್ತಗಿನ ತತ್ತಿಗಳು. ಬಾಳೆಯ ಚಿಪ್ಪಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ತೇವದ ತೆಂಗಿನ ನಾರಿನ ಪುಡಿ ಹಾಸಿದ ಪಾರದರ್ಶಕ ಡಬ್ಬಿಯಲ್ಲಿ ಇಟ್ಟು, ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನಿಂದ ಒಂದು ಚುಕ್ಕಿ ಹಾಕಿದಳು. ಕೋಳಿ ತನ್ನ ತತ್ತಿಯನ್ನು ಹೊರಳಿಸುತ್ತದೆ; ಹಾವಿನ ತತ್ತಿ ಹೊರಳಿದರೆ ಒಳಗಿನ ಮರಿ ಉಸಿರುಗಟ್ಟಿ ಸಾಯುತ್ತದೆ. ಚುಕ್ಕಿ ಯಾವಾಗಲೂ ಮೇಲೇ ಇರಬೇಕು.

“ಹಾವಿನ ಬಾಣಂತನ ಮಾಡೂ ಹೆಣ್ಣಿಗೆ ಯಾರು ಬಾಣಂತನ ಮಾಡ್ತಾರ?” ಎಂದು ಸೋದರತ್ತೆ ಮೂಗು ಮುರಿದಳು.

ಸೂಗಪ್ಪನವರ ತಾಳ್ಮೆ ಮುಗಿದಿತ್ತು. “ಕೇಳು. ಈ ತತ್ತಿ ಒಡದು ಮರಿ ಬಂದ್ರ ನಿನ್ನ ಹಾವು ಈ ಮನ್ಯಾಗ ಇರ್ತದ, ನಾ ತುಟಿ ಬಿಚ್ಚೂದಿಲ್ಲ. ಬರಲಿಲ್ಲಂದ್ರ ಆಕಿ ಜಾವೀದನ ಮನಿಗೆ ವಾಪಸ್. ಮುಂದ ಯಾರು ನೋಡಾಕ ಬಂದ್ರೂ ಕೈಯಾಗ ಬರೇ ಸೂಸಲಾ. ಒಪ್ಪಿದೇನು?”

“ಒಪ್ಪಿದೆ,” ಅಂದಳು.

ಬೇರೆ ಊರಿನಲ್ಲಿ ತತ್ತಿಗೆ ಕಾವು ಕೊಡುವುದು ಕಷ್ಟ. ಕಲಬುರಗಿಯ ಬೇಸಿಗೆಯಲ್ಲಿ ಕಾವು ತೆಗೆಯುವುದೇ ಕಷ್ಟ! ಮಾಳಿಗೆಯ ಮೇಲಿನ ಖೋಲಿ ಕುಲುಮೆಯಾಗಿತ್ತು. ಕರೆಂಟು ಹೋದಾಗಲೆಲ್ಲ ಕೂಲರ್ ನಿಲ್ಲುತ್ತಿತ್ತು, ಥರ್ಮಾಮೀಟರಿನ ಅಂಕಿ ಏರುತ್ತಿತ್ತು. ಅಂಜನಾ ಒದ್ದೆ ಗೋಣಿಚೀಲ ಹೊದಿಸಿ, ಬೀಸಣಿಗೆ ಹಿಡಿದು ಡಬ್ಬಿಯ ಪಕ್ಕ ಕುಳಿತು ಮೊದಲ ಬಾರಿಗೆ ಅತ್ತಳು.

ಅವಳ ಅವ್ವ ಅದನ್ನು ನೋಡಿದರು. ಅಂದು ಹಾವಿನ ತಂಪಿನ ಬಗ್ಗೆ ಕೇಳಿದ್ದ ವರನ ನೆನಪಾಗಿ, ಮಗಳನ್ನು ಕೇಳದೆ ನೀಲಗಂಗಮ್ಮನಿಗೆ ಫೋನ್ ಮಾಡಿದರು.

ಮಧ್ಯಾಹ್ನ ಬಾಗಿಲಲ್ಲಿ ಗುರುಪ್ರಸಾದನ ಕಾರು ನಿಂತಿತು.

“ನಮ್ಮ ಮನ್ಯಾಗ ಒಂದು ನೆಲಮನಿ ಅದರಿ,” ಎಂದ. “ನೆಲದ ಒಳಗಿನ ಖೋಲಿ. ಬಾಳೆಗೊನಿ ಮಾಗಸಾಕ ನಮ್ಮ ಮುತ್ಯಾ ಕಟ್ಟಿಸಿದ್ದು. ಹೊರಗ ಎಷ್ಟರ ಬಿಸಲಿರಲಿ, ಒಳಗ ಇಪ್ಪತ್ತೆಂಟು ದಾಟೂದಿಲ್ಲ.”

ಇಪ್ಪತ್ತೆಂಟು. ತತ್ತಿಗೆ ಬೇಕಾದ್ದು ಅಷ್ಟೇ.

“ನಿಮ್ಮ ಹಣ್ಣು?”

“ಹಣ್ಣಿದ್ರ ಮಾಗಸಾಕ ಹೊಗಿ ಹಾಕಬೇಕಾಗ್ತದ. ಹೊಗಿ ತತ್ತಿಗೆ ಆಗೂದಿಲ್ಲಲ್ರಿ. ಬ್ಯಾರೆ ಕಡೆ ಇಟ್ಟೀನಿ.”

‘ಬ್ಯಾರೆ ಕಡೆ’ ಎಂದರೆ ತಗಡಿನ ಶೆಡ್ಡು. ಅಲ್ಲಿ ಗೊನೆಗಳು ಅರ್ಧಕ್ಕರ್ಧ ಕೊಳೆಯುತ್ತಿದ್ದವು. ಅವನು ಅದನ್ನು ಹೇಳಲಿಲ್ಲ. ಅವಳು ಕೇಳಲಿಲ್ಲ.

“ಪುಣ್ಯ ಬರ್ತದಂತ ಮಾಡಾಕತ್ತೀರೇನು?” ಎಂದು ಮಾತ್ರ ಕೇಳಿದಳು.

“ಬಂದ್ರ ಬರಲಿ ಬಿಡ್ರಿ.”

ಹುಮನಾಬಾದ್ ರಸ್ತೆಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕುಳಿತಳು. ಅವನು ರಸ್ತೆಯಲ್ಲಿ ಗುಂಡಿ ಕಂಡರೆ ನಿಲ್ಲಿಸಿ, ದಾಟಿ, ಮತ್ತೆ ನಿಲ್ಲಿಸಿ ಓಡಿಸಿದ.

“ಎತ್ತಿನ ಬಂಡಿ ಮುಂದ ಹೋತು, ನೋಡ್ರಿ.”

“ಹೋಗಲಿ ಬಿಡ್ರಿ. ಅದರಾಗ ತತ್ತಿ ಇಲ್ಲ.”

ಅವಳು ಮುಖ ಕಿಟಕಿಯತ್ತ ತಿರುಗಿಸಿದಳು. ನಗು ಬಂದಿತ್ತು, ಅದನ್ನು ಇವನಿಗೆ ತೋರಿಸುವುದುಂಟೇ?

*

ನೆಲಮನೆಗೆ ಕಲ್ಲಿನ ಮೆಟ್ಟಿಲಿಳಿಯಬೇಕು. ಕೆಳಗೆ ಹಾಸುಗಲ್ಲಿನ ತಂಪು, ಗೋಡೆಗಳಲ್ಲಿ ಎಷ್ಟೋ ವರ್ಷಗಳ ಬಾಳೆಹಣ್ಣಿನ ವಾಸನೆ. ಗರ್ಭಗುಡಿಯಲ್ಲಿ ನಿಂತ ಹಾಗೆ ಅಲ್ಲಿ ಮಾತು ತಾನಾಗಿಯೇ ಸಣ್ಣದಾಗುತ್ತದೆ. ಅಂಜನಾಳದು ಮಾತ್ರ ಆಗಲಿಲ್ಲ.

“ಮುಟ್ಟಬಾರದು. ಹೊರಳಸಬಾರದು. ಪುಡಿ ಒಣಗಿದ್ರ ಅಂಚಿಗೆ ನೀರು, ತತ್ತಿ ಮ್ಯಾಲ ಹನಿ ಬೀಳಬಾರದು. ತತ್ತಿ ಕುಸೀತಂದ್ರ ಒಣಗಾಕತ್ತದಂತ ತಿಳೀರಿ, ಸತ್ತಾಂಗೇ. ಆ ಚುಕ್ಕಿ ಪೆನ್ಸಿಲಿಂದು. ಕುಂಕುಮ ಹಚ್ಚಾಕ ಹೋಗಬ್ಯಾಡ್ರಿ ಮತ್ತ.”

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ನೀಲಗಂಗಮ್ಮ, “ಆತು ತಾಯಿ” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅಂಜನಾಳಿಗೆ ಇನ್ನಷ್ಟು ಕಿರಿಕಿರಿ ತಂದಿತು.

ದಿನಾ ಬೆಳಿಗ್ಗೆ ಸಂಜೆ ಅವಳ ಫೋನಿಗೆ ಥರ್ಮಾಮೀಟರಿನ ಫೋಟೋ ಬರುತ್ತಿತ್ತು. ಜೊತೆಗೆ ಒಂದು ಅಕ್ಷರವೂ ಇಲ್ಲ. ಒಮ್ಮೆ ಅವಳೇ, ‘ನಿಮಗ ಮಾತು ಬರೂದಿಲ್ಲೇನು?’ ಎಂದು ಬರೆದಳು. ‘ಇಪ್ಪತ್ತೆಂಟು ಅದರಿ’ ಎಂದು ಉತ್ತರ ಬಂತು.

ರವಿವಾರಗಳಲ್ಲಿ ಬಸ್ಸಿಗೆ ಬರುತ್ತಿದ್ದಳು. ಪ್ರತಿಸಲವೂ ಒಂದು ತಪ್ಪು ಹುಡುಕುತ್ತಿದ್ದಳು. ಅವನು ಅಂಚಿಗೆ ನೀರು ಹಾಕುತ್ತಿದ್ದದ್ದು ಮದುವೆಮನೆಯ ಸಾರಿನ ಉದ್ದ ಸೌಟಿನಿಂದ, ಎರಡು ಮೊಳ ದೂರ ನಿಂತು.

“ಸೌಟು ಯಾಕ್ರಿ?”

“ಕೈ ತಾಗಬಾರದಂತ.”

“ಓಹೋ… ಮಡಿ. ತತ್ತಿಗೆ ನೀವು ತಾಗಬಾರದೋ, ನಿಮಗ ತತ್ತಿ ತಾಗಬಾರದೋ?”

ಅವನು ಸೌಟು ಗೋಡೆಗೆ ನೇತುಹಾಕಿದ.

ಒಂದು ರವಿವಾರ ಮೊಬೈಲಿನ ಬೆಳಕನ್ನು ಒಂದು ತತ್ತಿಗೆ ಹಿಡಿದಳು. ಬಿಳಿ ಚರ್ಮದ ಒಳಗೆ ಗುಲಾಬಿ ಬೆಳಕು, ಅದರಲ್ಲಿ ಕೆಂಪು ಎಳೆ ಎಳೆ ನರಗಳು, ನಡುವೆ ಮಿಡಿಯುವ ಒಂದು ಕಪ್ಪು ಕಾಳು.

“ಬರ್ರಿ, ನೋಡ್ರಿ. ಕಚ್ಚೂದಿಲ್ಲ.”

ಅವನು ಒಂದೊಂದೇ ಹೆಜ್ಜೆ ಇಟ್ಟು ಬಂದು ಬಾಗಿದ. ಅವನ ಕಣ್ಣಲ್ಲಿ ನೀರಾಡಿತು.

“ಇಷ್ಟು ಸಣ್ಣದಕ್ಕೂ ದೇವ್ರು ಎದಿ ಇಟ್ಟಾನ, ನೋಡ್ರಿ,” ಎಂದ.

ಅಂಜನಾ ಅವನಿಗೆ ಕಾಣಲೆಂದು ಬೆಳಕನ್ನು ಇನ್ನಷ್ಟು ಹತ್ತಿರ ಹಿಡಿದಳು. ಬಸ್ಸಿನಲ್ಲಿ ಹಿಂದಿರುಗುವಾಗ ಆ ಮಾತೇ ಕಿವಿಯಲ್ಲಿ. ‘ಏನಾಗ್ಯದ ನನಗ… ಕೈ ಮುಗಿಯೋ ಗಂಡಸು, ಸೌಟು ಹಿಡಿಯೋ ಗಂಡಸು… ಥೂ!’ ಎಂದು ತನ್ನನ್ನೇ ಬೈದುಕೊಂಡಳು. ಬೈದರೂ ಸಂಜೆಯ ಫೋಟೋ ಬರುವವರೆಗೆ ಫೋನು ಕೈಯಿಂದ ಇಳಿಯಲಿಲ್ಲ.

*

ಶ್ರಾವಣ ಬಂತು. ನಾಗರ ಪಂಚಮಿಯ ದಿನ ಲ್ಯಾಬಿಗೆ ರಜೆ ಹಾಕಿ ಅಂಜನಾ ಕಮಲಾಪುರಕ್ಕೆ ಬಂದಳು. ಬೇವಿನ ಗಿಡಗಳಿಗೆಲ್ಲ ಜೋಕಾಲಿ ಕಟ್ಟಿದ್ದರು. ಮನೆಮನೆಯಲ್ಲಿ ಶೇಂಗಾ ಉಂಡಿ, ಹುರಿದ ಜೋಳದ ಅಳ್ಳು. ಆ ದಿನ ಯಾರೂ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ. ಮಣ್ಣಿನೊಳಗಿನ ಜೀವಕ್ಕೆ ನೋವಾದೀತು ಎಂದು.

ನೆಲಮನೆಯ ಬಾಗಿಲು ಅರ್ಧ ತೆರೆದಿತ್ತು. ಮೂರನೆಯ ಮೆಟ್ಟಿಲಲ್ಲಿ ಒಂದು ಹಾಲಿನ ತಂಬಿಗೆ.

ಅವಳ ಕಾಲು ನಿಂತಿತು. ‘ಹಾಲು… ಇಲ್ಲ್ಯಾಕ?’

ಓಡಿ ಇಳಿದು ಡಬ್ಬಿಯ ಮುಚ್ಚಳ ತೆಗೆದಳು.

ತತ್ತಿಗಳು ಕುಸಿದಿದ್ದವು. ಒಂದಲ್ಲ, ಎರಡಲ್ಲ, ಎಲ್ಲವೂ. ನೆತ್ತಿ ಒಳಗೆ ಹೋಗಿ, ಮೈ ಸುಕ್ಕಾಗಿ, ಪೆನ್ಸಿಲ್ ಚುಕ್ಕಿಗಳು ಗುಂಡಿಯೊಳಗೆ ಬಿದ್ದ ಹಾಗೆ. ಮೇಲೆ ಹನಿ ಹನಿ ಪಸೆ. ಯಾರೋ ಮೇಲೆ ಏನನ್ನೋ ಸುರಿದು ಗಡಿಬಿಡಿಯಲ್ಲಿ ಒರೆಸಿದ ಹಾಗೆ.

ಪಂಚಮಿ. ಹಾಲು. ತತ್ತಿ. ಅವಳಿಗೆ ಎಲ್ಲ ತಿಳಿದುಹೋಯಿತು… ತಿಳಿಯಿತು ಅಂದುಕೊಂಡಳು.

ಸದ್ದು ಕೇಳಿ ಗುರುಪ್ರಸಾದ ಬಂದ. ಹಿಂದೆ ಉಂಡಿಯ ತಟ್ಟೆ ಹಿಡಿದು ನೀಲಗಂಗಮ್ಮ.

“ಹಾಲೆರದ್ರಿ?” ಅವಳ ದನಿ ತಣ್ಣಗಿತ್ತು. “ಎಷ್ಟು ಹೇಳಿದ್ದೆ ನಾ. ನೀರು ಹನಿ ಸುದ್ದಾ ಬೀಳಬಾರದಂದಿದ್ದೆ. ನೀವು ತಂಬಗಿಗಟ್ಟಲೆ ಹಾಲೆರದ್ರಿ.”

“ಯವ್ವಾ, ನಾ…” ಎಂದರು ನೀಲಗಂಗಮ್ಮ.

“ಬ್ಯಾಡ್ರಿ. ಮತ್ತೊಂದು ಪುರಾಣ ಬ್ಯಾಡ. ನಿಮ್ಮ ಭಕ್ತಿ ಕಂಡೀನಿ ಮೊದಲನೇ ದಿನಾನೇ. ಕಣ್ಣ ಮುಂದಿನ ಜೀವ ಕಾಣೂದಿಲ್ಲ ನಿಮಗ, ಕೈ ಮುಗಿಯಾಕ ಒಂದು ಕಲ್ಲು ಬೇಕು ಅಷ್ಟೇ.” ಅವನತ್ತ ತಿರುಗಿದಳು. “ಓಡಿ ಹೋದೋರು ನಿಮಗಿಂತ ಛಲೋ ಇದ್ರು. ಚಪ್ಪಲಿ ಬಿಟ್ಟು ಹೋದ್ರು. ಜೀವಾ ತಗೊಂಡು ಹೋಗಲಿಲ್ಲ.”

ಗುರುಪ್ರಸಾದ ಡಬ್ಬಿಯೊಳಗೆ ನೋಡಿದ. ಬೆಳಿಗ್ಗೆ ಫೋಟೋ ತೆಗೆಯುವಾಗ ಅವನು ಥರ್ಮಾಮೀಟರನ್ನಷ್ಟೇ ನೋಡಿದ್ದ.

“ನನ್ನ ಕೈಯಿಂದ ಏನರೆ ತಪ್ಪಾಗಿರಬೇಕ್ರಿ,” ಎಂದ. “ನೀರು ಕಡಿಮಿ ಬಿತ್ತೇನೋ. ನನಗ ಏನು ಬೇಕಾದ್ದು ಅನ್ರಿ. ಅವ್ವಗ ಅನಬ್ಯಾಡ್ರಿ.”

“ಅಪ್ಪ ಸೋಮವಾರ ಕೆಂಚಿನ್ನ ಕಳಸ್ತಾನ,” ಅಂದಳು. ಈಗ ಮಾತ್ರ ದನಿ ಒಡೆಯಿತು. “ಈ ಹೆಣಾ ನಾ ಒಯ್ಯೂದಿಲ್ಲ. ನೀವೇ ಹುತ್ತದಾಗ ಹುಗೀರಿ. ಪುಣ್ಯ ಬರ್ತದ.”

*

ಬಸ್ ನಿಲ್ದಾಣದಲ್ಲಿ ಕಲಬುರಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಣ್ಣೊರೆಸಿಕೊಂಡು, ಹೊರಡುವ ಮುನ್ನ ತೆಗೆದಿದ್ದ ಫೋಟೋವನ್ನು ಜಾವೀದಭಾಯಿಗೆ ಕಳಿಸಿದಳು. ಕೆಳಗೆ, ‘ಎಲ್ಲಾ ಸತ್ತು ಹೋದ್ವು’ ಎಂದು ಬರೆದಳು.

ಒಡನೆಯೇ ಫೋನ್ ಬಂತು. ಆ ಕಡೆ ಜಾವೀದ ನಗುತ್ತಿದ್ದ.

“ಅರೇ ಪಗಲೀ, ಸತ್ತಿಲ್ಲವ್ವಾ! ಮರಿ ಹೊರಗ ಬರೂ ಮುಂದ ತತ್ತಿ ಹಿಂಗೇ ಕುಸೀತಾವ. ಬೆವರ್ತಾವ ಸುದ್ದಾ. ಮೊದಲನೇ ತಿಂಗಳಾಗ ಕುಸದ್ರ ಫಿಕರ್ ಮಾಡು. ಈಗ ಕುಸದ್ರ ಮಿಠಾಯಿ ಹಂಚು.”

“ನೀವು ನನಗ ಹೇಳಲೇ ಇಲ್ಲ…”

“ನೀ ಕೇಳಿದ್ದು ಒಣಗಿದ್ರ ಹ್ಯಾಂಗಂತ. ಒಡೆಯೂ ಹೊತ್ತು ಹ್ಯಾಂಗಿರ್ತದಂತ ಕೇಳಿದೇನು?”

“ಆದ್ರ ಹಾಲು… ಅವರು ಹಾಲು ಹಾಕ್ಯಾರ, ಭಾಯಿ.”

“ಎಲ್ಲದ ಹಾಲು? ಫೋಟೋ ನೋಡು. ನಾರಿನ ಪುಡಿ ಕರ್ರಗೇ ಅದ. ಹಾಲು ಬಿದ್ದಿದ್ರ ಬೆಳ್ಳಗ ಹೆಪ್ಪುಗಟ್ಟತಿತ್ತು, ನಾತ ಬರ್ತಿತ್ತು. ಯಾರು ನೋಡಿಕೊಂಡಾರೋ, ಭಾರಿ ಜೋಪಾನ ಮಾಡ್ಯಾರ. ಈಗ ಸುಮ್ಮಕ ಬಿಡು, ಡಬ್ಬಿ ಅಲಗಾಡಸಬ್ಯಾಡ.”

ಅಂಜನಾ ಫೋನಿಟ್ಟಳು. ಮೆಟ್ಟಿಲ ಮೇಲಿನ ತಂಬಿಗೆ ಕಣ್ಣಿಗೆ ಕಟ್ಟಿತು. ಅದು ಕಂಠದವರೆಗೆ ತುಂಬಿತ್ತು. ಮೇಲೆ ಕೆನೆ ಕೂಡ ಕದಡಿರಲಿಲ್ಲ. ಕಂಡೂ ಕಂಡಿರಲಿಲ್ಲ ಅವಳು.

ಆಮೇಲೆ ತಾನೇ ಆಡಿದ ಕೊನೆಯ ಮಾತು ನೆನಪಾಯಿತು.

ಹುತ್ತದಾಗ ಹುಗೀರಿ.

‘ಅಂವ ನಾ ಹೇಳಿದ್ದೆಲ್ಲಾ ಮಾಡ್ತಾನ… ಒಂದಕ್ಷರ ಎದುರಾಡದ ಮಾಡ್ತಾನ!’

ಬಸ್ಸು ಬಂದು ನಿಂತಿತು. ಅವಳು ಅದರ ಮುಂದಿನಿಂದಲೇ ಊರೊಳಗೆ ಓಡಿದಳು. ಜೋಕಾಲಿಯ ಹುಡುಗಿಯರು ಆಟ ನಿಲ್ಲಿಸಿ ನೋಡಿದರು. ಚಪ್ಪಲಿಯ ಬಾರು ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟು ಓಡಿದಳು.

ಅಂಗಳದಲ್ಲಿ ನೀಲಗಂಗಮ್ಮ ಕುಳಿತಿದ್ದರು.

“ಹುಗದ್ರೇನು?” ಉಸಿರು ಸಿಗುತ್ತಿರಲಿಲ್ಲ ಅವಳಿಗೆ. “ಅತ್ತಿ… ತತ್ತಿ ಹುಗದ್ರೇನು?”

ಆ ‘ಅತ್ತಿ’ ಅವಳಿಗೆ ಅರಿವಿಲ್ಲದೆ ಬಂದಿತ್ತು. ನೀಲಗಂಗಮ್ಮನಿಗೆ ಕೇಳಿಸಿತು.

“ಇಲ್ಲವ್ವಾ. ಸಲಿಕಿ ತಗೊಂಡು ಎದ್ದಿದ್ದ. ಪಂಚಮಿ ದಿನ ನೆಲಾ ಅಗೀಬಾರದು, ನಾಳೆ ನೋಡೂಣಂತ ನಾನೇ ನಿಂದ್ರಿಸಿದೆ.”

ಅಂಜನಾ ಅಲ್ಲೇ ಕುಸಿದು ಕುಳಿತಳು. ಯಾವುದನ್ನು ಕೆಲ ಹೊತ್ತಿನ ಹಿಂದೆ ಕಲ್ಲಿನ ಭಕ್ತಿ ಎಂದಿದ್ದಳೋ, ಅದೇ ಅವಳ ಮರಿಗಳನ್ನು ಕಾದಿತ್ತು.

“ಆ ಹಾಲು…” ಎಂದಳು.

“ತತ್ತಿಗೇ ಒಯ್ದಿದ್ದೆ, ಖರೇ ಹೇಳ್ತೀನಿ. ಮೂರನೇ ಮೆಟ್ಟಿಲಿಗೆ ನನ್ನ ಮಗ ಅಡ್ಡ ಬಂದ. ಆಕಿ ಅಲ್ಲಿ ನೀರಿನ ಹನಿನೂ ಬ್ಯಾಡಂದಾಳ ಅವ್ವಾ, ನೀ ನಿಂತಲ್ಲೇ ಬೇಡ್ಕೋ, ನಾಗಪ್ಪ ತಿಳ್ಕೋತಾನ ಅಂದ. ಅಲ್ಲೇ ಇಟ್ಟು ಬೇಡ್ಕೊಂಡೆ.” ಅವರು ಅವಳ ಬರಿಗಾಲು ನೋಡಿದರು. “ಚಪ್ಪಲಿ ಎಲ್ಲಿ ಬಿಟ್ಟಿ?”

“ಓಡಿ ಬರೂ ಮುಂದ… ಬಿಟ್ಟೆ.”

“ನೀನೂ ಬಿಟ್ಟೇನು,” ಎಂದು ನೀಲಗಂಗಮ್ಮ ಮೊದಲ ಸಲ ನಕ್ಕರು.

ಅಂಜನಾ ಬಾಗಿ ಅವರ ಪಾದ ಮುಟ್ಟಿದಳು. ಕ್ಷಮೆ ಎಂಬ ಶಬ್ದ ಬಾಯಿಗೆ ಬರಲಿಲ್ಲ. ಕೈಗೆ ಬಂತು.

“ನನಗಾತು. ಒಳಗ ಅಂವ ಕುಂತಾನ, ಹೋಗು.”

*

ಗುರುಪ್ರಸಾದ ಡಬ್ಬಿಯ ಮುಂದೆ ನೆಲದ ಮೇಲೆ ಕುಳಿತಿದ್ದ. ಈ ಸಲ ಎರಡು ಮೊಳ ದೂರವಿರಲಿಲ್ಲ. ಪಕ್ಕದಲ್ಲಿ ಸಲಿಕೆ. ಕೈ ಜೋಡಿಸಿಯೇ ಇದ್ದವು.

“ಅಲಗಾಡಬ್ಯಾಡ್ರಿ,” ಎಂದ ತಿರುಗದೆ, ಪಿಸುಮಾತಿನಲ್ಲಿ. “ಒಂದರಾಗ ಸೀಳು ಬಂದದ. ಸತ್ತಿಲ್ಲರಿ ಅವು… ಯಾರೋ ಒಳಗಿಂದ ನೋಡಾಕತ್ತಾರ.”

ಅವಳು ಮೆಲ್ಲಗೆ ಅವನ ಪಕ್ಕ ಕುಳಿತಳು. ಕುಸಿದ ತತ್ತಿಯ ನೆತ್ತಿಯಲ್ಲಿ ಬ್ಲೇಡಿನಿಂದ ಕೊಯ್ದಂತೆ ಸಣ್ಣ ಸೀಳು. ಅದರಿಂದ ಕಡಲೆಕಾಳಿನಷ್ಟು ಒಂದು ಕೆಂಪು ಮೂತಿ ಹೊರಬಂದು, ಉಸಿರೆಳೆದು, ನಾಲಿಗೆ ಚಾಚಿ ಜಗತ್ತನ್ನು ಒಮ್ಮೆ ಮುಟ್ಟಿ ನೋಡಿತು.

ಇನ್ನೊಂದು ತತ್ತಿ ಸೀಳಿತು. ಮತ್ತೊಂದು.

“ನಾ ಅಂದದ್ದು…” ಎಂದಳು.

“ಬಿಡ್ರಿ. ಮರಿ ಬಂದ್ವು. ಕೆಂಚಿ ಇರ್ತಾಳ.”

ಆಗ ಅವಳಿಗೆ ಕಂಡಿತು. ಜೋಡಿಸಿದ ಅವನ ಕೈ ಗಡಗಡ ನಡುಗುತ್ತಿದ್ದವು.

“ಗುರುಪ್ರಸಾದ… ನಿಮಗೇನಾಗ್ಯದ?”

ಅವನು ಮುಚ್ಚಿಡಲು ನೋಡಿದ. ಆಗಲಿಲ್ಲ. “ಹೆದರಿಕಿರಿ,” ಎಂದ ನಾಚಿಕೊಂಡು. “ಹಾವಂದ್ರ. ಸಣ್ಣಂದಿನಿಂದ. ಹಗ್ಗ ಕಂಡ್ರೂ ಜಿಗೀತೀನಿ. ತ್ವಾಟಕ್ಕ ಹೋಗೂ ಮುಂದ ಚಪ್ಪಾಳಿ ತಟಗೋತ ಹೋಗ್ತೀನಿ, ಊರಾಗ ಎಲ್ಲರೂ ಭಜನಿ ಮಾಡ್ತಾನಂತ ತಿಳದಾರ.”

“ಮತ್ತ… ಆವತ್ತ ನಮ್ಮನ್ಯಾಗ ನೀವು ಕೆಂಚಿಗೆ ಕೈ ಮುಗದ್ರಿ?”

“ಮುಗದಿಲ್ಲರಿ. ಕೈ ನಡುಗಾಕತ್ತಿದ್ವು. ನಿಮಗ ಕಾಣಬಾರದಂತ ಜೋಡಿಸಿ ಹಿಡದೆ. ಮೊದಲ ಬಂದೋರೆಲ್ಲಾ ಓಡೇ ಹೋಗಿರಬೇಕು, ನಾನೂ ಓಡಿದ್ರ ಈಕಿ ಮಾರಿ ಹ್ಯಾಂಗಾದೀತು ಅನಸ್ತು.”

ಅಂಜನಾಳ ಎದೆಯೊಳಗೆ ಇಷ್ಟು ದಿನ ಗಟ್ಟಿಯಾಗಿ ಕಟ್ಟಿಕೊಂಡಿದ್ದ ಏನೋ ಒಂದು, ಆ ತತ್ತಿಯ ಹಾಗೆಯೇ, ಸದ್ದಿಲ್ಲದೆ ಸೀಳಿತು. ಸೌಟು. ದೂರ ನಿಲ್ಲುವುದು. ಒಂದೊಂದೇ ಹೆಜ್ಜೆ ಇಟ್ಟು ಬಂದು ಬಾಗಿದ್ದು. ಎಲ್ಲದಕ್ಕೂ ತಾನು ಇಟ್ಟ ಹೆಸರು ಎಂಥದು!

“ಇಷ್ಟು ಹೆದರಿಕಿ ಇಟಗೊಂಡು ದಿನಾ ಇಲ್ಲಿ ಇಳಿದು ಬಂದ್ರಿ?”

“ಮರಿ ಬರ್ತಾವಂತ ದಿನಾ ಹೆದರಿಕಿ. ಬರಲಿಲ್ಲಂದ್ರ ನೀವು ಅಳ್ತೀರಂತ ಅದಕ್ಕಿಂತ ಹೆದರಿಕಿ.” ಅವನು ಡಬ್ಬಿಯನ್ನೇ ನೋಡುತ್ತ ಹೇಳಿದ. “ನಿಮ್ಮ ಮ್ಯಾಲ ಜೀವ ಅದರಿ ನನಗ. ಹೇಳಾಕ ಬರ್ತಿರಲಿಲ್ಲ. ಅದಕ್ಕ ಇಪ್ಪತ್ತೆಂಟಂತ ಕಳಸ್ತಿದ್ದೆ.”

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿದವು.

“ಮುಂದಿನ ರವಿವಾರ ನಮ್ಮನಿಗೆ ಬರ್ರಿ. ಸೂಸಲಾ ತರ್ತೀನಿ, ಬರೇ ಸೂಸಲಾ. ಕೆಂಚಿ ಖೋಲ್ಯಾಗ ಇರ್ತಾಳ. ನಿಮ್ಮ ಮಾವಗ ಹೇಳ್ರಿ, ಕಾಲು ಕೆಳಗ ಇಡಲಿ.”

“ಹೇಳ್ತೀನ್ರಿ.”

“ಈಗ ಕೈ ಬಿಡಸ್ರಿ.”

ಅವನು ಗಾಬರಿಯಾದ. “ಮರಿ ಇಡ್ತೀರೇನು?”

“ಇಲ್ಲ. ಇವತ್ತ ನನ್ನ ಕೈ ಅಷ್ಟೇ.”

ಬಿಗಿದ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿ, ನಡುವೆ ತನ್ನ ಕೈ ಇಟ್ಟಳು. ನೆಲಮನೆಯ ತಂಪಿನಲ್ಲಿ ಆ ಎರಡು ಅಂಗೈ ಮಾತ್ರ ಬೆಚ್ಚಗಿದ್ದವು.

“ನಿಮ್ಮದೂ ನಡುಗಾಕತ್ತದಲ್ರಿ,” ಎಂದ ಅವನು.

“ಹಾಂ. ಬಿಡಬ್ಯಾಡ್ರಿ,” ಎಂದಳು ಅಂಜನಾ. “ಆರತಿ ಇನ್ನೂ ಮುಗದಿಲ್ಲ.”